ಉಳಿದ ಮೂರು ಯಾಕೆ ತಪ್ಪು?

ಧಾರವಾಡದಲ್ಲಿ ಪರೀಕ್ಷೆಗೆ ಓದುವವರಿಗೆ ಬರವಿಲ್ಲ. ಬಾಡಿಗೆ ಕೋಣೆ, ರೀಡಿಂಗ್ ರೂಮು, ಚಹಾದಂಗಡಿ, ಎಲ್ಲಿ ನೋಡಿದರೂ ಪಿಎಸ್‌ಐ, ಪಿಡಿಒ, ಕೆಎಎಸ್ ಎನ್ನುವವರೇ. ಅಂಥ ಊರಲ್ಲಿ ಪಿಯುಸಿ ಓದುತ್ತಿದ್ದ ನಾವು ನಾಲ್ವರು ‘ಕ್ಲಾಟ್ ಬರೀತೀವಿ’ ಎಂದರೆ, ‘ಅದು ಯಾವ ಪೋಸ್ಟಿಗೆ?’ ಎಂದು ಕೇಳುತ್ತಿದ್ದರು. ಪೋಸ್ಟಿಗಲ್ಲ, ಕಾನೂನು ಓದುವ ಸೀಟಿಗೆ ಎಂದು ಬಿಡಿಸಿ ಹೇಳಿದರೆ, ‘ವಕೀಲ ಆಗಾಕ ಪರೀಕ್ಷಾ ಯಾಕ ಬೇಕು? ಡಿಗ್ರಿ ಮುಗಿಸಿ ಎಲ್‌ಎಲ್‌ಬಿ ಸೇರಿದ್ರ ಆತಲ್ಲ’ ಎಂಬ ಉಪದೇಶ.

ಕೇಳುವವರದೇನೂ ತಪ್ಪಿಲ್ಲ. ಐದು ವರ್ಷದ ಕಾನೂನು ಓದಿಗೆ ದೇಶಕ್ಕೇ ಮಾದರಿಯಾದ ನ್ಯಾಷನಲ್ ಲಾ ಸ್ಕೂಲು ಇರುವುದು ನಮ್ಮದೇ ಬೆಂಗಳೂರಿನ ನಾಗರಬಾವಿಯಲ್ಲಿ. ಮಾಧವ ಮೆನನ್ ಕಟ್ಟಿದ ಆ ಸಂಸ್ಥೆಯಲ್ಲಿ ಮೊದಲ ತಂಡ ತರಗತಿಗೆ ಕೂತದ್ದು 1988ರಲ್ಲಿ. ಆಮೇಲೆ ಬೇರೆ ರಾಜ್ಯಗಳಲ್ಲೂ ಇಂಥವೇ ಹುಟ್ಟಿದವು. ಒಂದೊಂದಕ್ಕೂ ಒಂದೊಂದು ಪರೀಕ್ಷೆ ಬರೆಯುವ ಫಜೀತಿ ತಪ್ಪಲೆಂದು 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಕ್ಲಾಟ್ ಶುರು ಮಾಡಿದವು. ಈಗ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳು ಇದರಡಿ ಇವೆ. ದಿಲ್ಲಿಯದು ಮಾತ್ರ ಇಂದಿಗೂ ಪ್ರತ್ಯೇಕ ಪರೀಕ್ಷೆ. ಇಷ್ಟೆಲ್ಲ ಆದರೂ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಷ್ಟೇ ಬರುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಇದರ ಹೆಸರು ತಿಳಿಯದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಆರ್ಟ್ಸ್. ಸವದತ್ತಿ ಕಡೆಯ ಗೆಳತಿ ಕಾಮರ್ಸ್. ಅವಳಪ್ಪನದು ಕಿರಾಣಿ ಅಂಗಡಿ. ಗದಗಿನ ಹುಡುಗನಿಗೆ ಪತ್ರಿಕೆಯ ಹುಚ್ಚು, ಅದಕ್ಕಿಂತ ಹೆಚ್ಚಾಗಿ ವಾದದ ಹುಚ್ಚು. ನಾಲ್ಕನೆಯವನು ಧಾರವಾಡದವನೇ, ಚಿಕ್ಕಂದಿನಿಂದ ಇಂಗ್ಲಿಷ್ ಮಾಧ್ಯಮ. ಕೋಚಿಂಗಿಗೆ ಬೆಂಗಳೂರಿಗೆ ಹೋಗುವಷ್ಟು ರೊಕ್ಕ ಯಾರ ಮನೆಯಲ್ಲೂ ಇರಲಿಲ್ಲ. ಹಾಗಾಗಿ ಕೂಡಿ ಓದುವುದು ನಮಗೆ ಆಯ್ಕೆಯಲ್ಲ, ಅನಿವಾರ್ಯ. ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಪತ್ರಿಕೆಗಳು ಪರೀಕ್ಷೆ ನಡೆಸುವ ಒಕ್ಕೂಟದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಅವನ್ನು ಝೆರಾಕ್ಸ್ ಮಾಡಿಸಿದೆವು. ಬಂಡವಾಳ ಅಷ್ಟೇ.

ಪತ್ರಿಕೆಯ ಸ್ವರೂಪ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 120 ಪ್ರಶ್ನೆ, 120 ನಿಮಿಷ. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಾದರೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಲೆಕ್ಕ ಎಂದು ಐದು ಭಾಗ. ಬಿಡಿಬಿಡಿ ಪ್ರಶ್ನೆ ಈಗಿಲ್ಲ. 2020ರಿಂದ ಎಲ್ಲವೂ ಪ್ಯಾಸೇಜು ಓದಿ ಉತ್ತರಿಸುವಂಥವು, ಒಂದೊಂದು 450 ಪದದ ಆಸುಪಾಸು. ಎಂದರೆ ಬಾಯಿಪಾಠ ಇಲ್ಲಿ ಕೆಲಸಕ್ಕೆ ಬಾರದು. ಗೈಡು ಓದಿ ಕಲಿತ ನಮಗೆ ಇದೇ ದೊಡ್ಡ ಪೆಟ್ಟು.

ಶುರುವಿನಲ್ಲಿ ನಮ್ಮ ಕೂಡಿ ಓದುವಿಕೆ ಎಲ್ಲರದೂ ಇರುವಂತೆಯೇ ಇತ್ತು. ಪತ್ರಿಕೆ ಬಿಡಿಸುವುದು, ಕೀ ಉತ್ತರ ನೋಡಿ ಅಂಕ ಹಾಕಿಕೊಳ್ಳುವುದು, ಕಡಿಮೆ ಬಂದವರಿಗೆ ‘ಇರಲಿ ಬಿಡು, ಮುಂದಿನ ಸಲ ಬರ್ತಾವು’ ಎನ್ನುವುದು, ಚಹಾ ಕುಡಿದು ಏಳುವುದು. ಸಮಾಧಾನ ಬೇಕಾದಷ್ಟು ಸಿಗುತ್ತಿತ್ತು, ಅಂಕ ಮಾತ್ರ ಕದಲುತ್ತಿರಲಿಲ್ಲ. ದಿಕ್ಕು ಬದಲಿಸಿದ್ದು ಸವದತ್ತಿಯ ಗೆಳತಿ. ‘ಸರಿ ಬಂದದ್ದು ಬಿಡ್ರಿ, ಉಳದ ಮೂರು ಯಾಕ ತಪ್ಪು ಹೇಳ್ರಿ’ ಎಂದಳು. ಅದೇ ನಮ್ಮ ಕಾಯಿದೆಯಾಯಿತು: ಸರಿಯುತ್ತರ ಬರೆದವರು ಮಿಕ್ಕ ಮೂರು ಆಯ್ಕೆ ಯಾಕೆ ತಪ್ಪೆಂದು ಪ್ಯಾಸೇಜಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು. ಅದೂ ಕನ್ನಡದಲ್ಲಿ, ಯಾಕೆಂದರೆ ಇಂಗ್ಲಿಷಿನ ವಾಕ್ಯವನ್ನು ಹಾಗೇ ಒಪ್ಪಿಸಿ ಪಾರಾಗುವುದು ಸುಲಭ.

ಈ ಕಾಯಿದೆಯಿಂದ ಮೊದಲು ಸಿಕ್ಕಿಬಿದ್ದವನು ಇಂಗ್ಲಿಷ್ ಮಾಧ್ಯಮದವನು. ನಮಗಿಂತ ಎಷ್ಟೋ ಬೇಗ ಓದುತ್ತಿದ್ದ, ಹೆಚ್ಚು ಸರಿ ಉತ್ತರಿಸುತ್ತಿದ್ದ, ಆದರೆ ಯಾಕೆ ಎಂದರೆ ‘ಹಂಗ ಅನಸ್ತು’ ಎನ್ನುತ್ತಿದ್ದ. ಅನ್ನಿಸಿದ್ದು ಹತ್ತರಲ್ಲಿ ಏಳು ಸಲ ಸರಿಯಾದರೆ ಉಳಿದ ಮೂರಕ್ಕೆ ಕಾರಣವೇ ಗೊತ್ತಾಗದು. ನಾವು ಸಾವಕಾಶ ಓದುವವರು, ಪದ ಪದಕ್ಕೂ ತಡವರಿಸುವವರು. ಆದರೆ ಆ ತಡವರಿಕೆಯಲ್ಲಿಯೇ ಲೇಖಕ ಎಲ್ಲಿ ‘ಬಹುತೇಕ’ ಎಂದಿದ್ದಾನೆ, ಆಯ್ಕೆಯಲ್ಲಿ ಎಲ್ಲಿ ‘ಎಲ್ಲರೂ’ ಎಂದಾಗಿದೆ ಎಂಬುದು ಕಣ್ಣಿಗೆ ಬೀಳುತ್ತಿತ್ತು. ಅವನಿಂದ ನಾವು ಓಟ ಕಲಿತೆವು, ನಮ್ಮಿಂದ ಅವನು ನಿಂತು ನೋಡುವುದನ್ನು. ಒಂದೇ ಮಟ್ಟದವರು ಕೂಡಿ ಓದಬೇಕು ಎಂಬ ಮಾತನ್ನು ನಾನು ಅಂದಿನಿಂದ ನಂಬುವುದಿಲ್ಲ.

ಕಾನೂನಿನ ತರ್ಕದ ಭಾಗದಲ್ಲಿ ನಡೆದಷ್ಟು ಜಗಳ ಬೇರೆಲ್ಲೂ ನಡೆಯಲಿಲ್ಲ. ಇದಕ್ಕೆ ಕಾನೂನು ಮೊದಲೇ ಓದಿರಬೇಕಾಗಿಲ್ಲ. ಪ್ಯಾಸೇಜಿನಲ್ಲಿ ಒಂದು ನಿಯಮ ಕೊಟ್ಟಿರುತ್ತಾರೆ, ಕೆಳಗೆ ಒಂದು ಪ್ರಸಂಗ. ನಿಯಮವನ್ನು ಪ್ರಸಂಗಕ್ಕೆ ಹಚ್ಚಬೇಕು. ಕರಾರಿನ ಪಾಠದಲ್ಲಿ ಪದೇ ಪದೇ ಬರುವ 1913ರ ಒಂದು ತೀರ್ಪಿದೆ, ಲಾಲ್‌ಮನ್ ಶುಕ್ಲಾ ಪ್ರಕರಣ. ಯಜಮಾನನ ಸೋದರಳಿಯ ಮನೆಬಿಟ್ಟು ಹೋಗಿರುತ್ತಾನೆ. ಹುಡುಕಲು ಗುಮಾಸ್ತನನ್ನು ಕಳಿಸುತ್ತಾರೆ. ಅವನು ಹೋದಮೇಲೆ ಯಜಮಾನ, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನ ಎಂದು ಕರಪತ್ರ ಹಂಚುತ್ತಾನೆ. ಗುಮಾಸ್ತ ಹೃಷಿಕೇಶದಲ್ಲಿ ಹುಡುಗನನ್ನು ಪತ್ತೆ ಮಾಡುತ್ತಾನೆ, ಬಹುಮಾನದ ಸುದ್ದಿ ಗೊತ್ತಿಲ್ಲದೆಯೇ. ಆಮೇಲೆ ರೊಕ್ಕ ಕೇಳಿದರೆ ಅಲಹಾಬಾದ್ ಹೈಕೋರ್ಟು ಇಲ್ಲ ಎಂದಿತು. ಗೊತ್ತೇ ಇಲ್ಲದ ಪ್ರಸ್ತಾವವನ್ನು ಒಪ್ಪಿಕೊಂಡೆ ಎನ್ನಲಾಗದು, ಒಪ್ಪಿಗೆ ಇಲ್ಲದೆ ಕರಾರಿಲ್ಲ.

ಗದಗಿನ ಹುಡುಗ ಕೆಂಡವಾದ. ‘ಹುಡುಕಿ ತಂದಾಂವ ಅಂವಾ. ಸಾವ್ಕಾರಗ ರೊಕ್ಕಾ ಕೊಡಾಕ ಏನ್ ಧಾಡಿ?’ ನನ್ನ ಮನಸ್ಸೂ ಅವನ ಕಡೆಗೇ ಇತ್ತು. ಗೆಳತಿ ಮಾತ್ರ ಅಲ್ಲಾಡಲಿಲ್ಲ: ‘ನ್ಯಾಯ ಆಮ್ಯಾಲ ಕೇಳು. ಪ್ಯಾಸೇಜಿನ್ಯಾಗ ಎಲ್ಲೈತಿ ತೋರ್ಸು.’ ಎಲ್ಲೂ ಇರಲಿಲ್ಲ. ನಮ್ಮ ಕರುಣೆಗೆ ಹೊಂದುವ ಆಯ್ಕೆಯೊಂದನ್ನು ಪ್ರಶ್ನೆ ಹಾಕುವವರು ಬೇಕೆಂದೇ ಇಟ್ಟಿರುತ್ತಾರೆ ಎಂಬುದು ಆ ಮಧ್ಯಾಹ್ನ ತಿಳಿಯಿತು. ಒಬ್ಬಳೇ ಓದುತ್ತಿದ್ದರೆ ‘ಕೀ ಉತ್ತರ ತಪ್ಪಿರಬೇಕು’ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಈಗ ಕಾನೂನು ಓದುತ್ತಿರುವಾಗ, ಹುಡುಗನ ಸಿಟ್ಟಿನಲ್ಲೂ ಹುರುಳಿತ್ತು ಎನ್ನಿಸುತ್ತದೆ. ಆದರೆ ಆ ಪ್ರಶ್ನೆ ಬೇರೆ ಪರೀಕ್ಷೆಯದು.

ಪ್ರಚಲಿತ ವಿದ್ಯಮಾನವನ್ನು ಹಂಚಿಕೊಂಡಿದ್ದೆವು. ಒಬ್ಬರು ನ್ಯಾಯಾಲಯದ ಸುದ್ದಿ, ಒಬ್ಬರು ಆರ್ಥಿಕತೆ, ಒಬ್ಬರು ಹೊರದೇಶ, ಒಬ್ಬರು ವಿಜ್ಞಾನ, ಪರಿಸರ, ಆಟ. ಸುದ್ದಿ ಓದಿ ಹೇಳುವಂತಿರಲಿಲ್ಲ, ಪ್ರಶ್ನೆ ತಯಾರಿಸಿ ತರಬೇಕು. ಪ್ರಶ್ನೆ ಕಟ್ಟಲು ಕೂತವರಿಗೆ ಮೂರು ಸುಳ್ಳು ಆಯ್ಕೆ ಹುಟ್ಟಿಸುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ, ಅದು ತಿಳಿದವರು ಸುಳ್ಳು ಆಯ್ಕೆಗೆ ಸುಲಭಕ್ಕೆ ಬಲಿಯಾಗುವುದಿಲ್ಲ. 2024 ಸುದ್ದಿಗೆ ಬರವಿದ್ದ ವರ್ಷವಲ್ಲ. ಫೆಬ್ರುವರಿಯಲ್ಲಿ ಚುನಾವಣಾ ಬಾಂಡ್ ತೀರ್ಪು, ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಆಗಸ್ಟ್ 1ರಂದು ಪರಿಶಿಷ್ಟ ಜಾತಿಗಳ ಒಳವರ್ಗೀಕರಣದ ತೀರ್ಪು.

ಈ ಕೊನೆಯದು ನಮ್ಮ ಗುಂಪನ್ನೇ ಒಡೆಯುವುದರಲ್ಲಿತ್ತು. ಏಳು ನ್ಯಾಯಮೂರ್ತಿಗಳ ಪೀಠ, ಆರು ಮಂದಿ ಒಂದು ಕಡೆ, ಒಬ್ಬರು ಭಿನ್ನ. ಸದಾಶಿವ ಆಯೋಗದ ಕಾಲದಿಂದ ಒಳಮೀಸಲಾತಿಯ ಮಾತು ಮನೆಮನೆಯಲ್ಲಿ ಕುದಿಯುವ ನಾಡು ನಮ್ಮದು. ನಮ್ಮಲ್ಲೂ ಒಬ್ಬರ ಮನೆಗೆ ಅದು ಸೀದಾ ತಟ್ಟುವ ವಿಷಯ. ತೀರ್ಪಿನ ಚರ್ಚೆ ಜಾತಿಯ ಚರ್ಚೆಯಾಗಿ, ದನಿ ಏರಿ, ಒಬ್ಬರು ಪುಸ್ತಕ ಎತ್ತಿಕೊಂಡು ಹೊರಟೇ ಹೋದರು. ಮುಂದಿನ ವಾರ ಮತ್ತೆ ಕೂತಾಗ ಎರಡನೆಯ ಕಾಯಿದೆ ಬಂತು: ಒಪ್ಪದ ಪಕ್ಷದ ವಾದವನ್ನು ಆ ಪಕ್ಷದವರು ‘ಹೌದು, ಇದೇ ನಮ್ಮ ಮಾತು’ ಎನ್ನುವ ಹಾಗೆ ಮೊದಲು ಹೇಳಬೇಕು, ಆಮೇಲೆ ಬೇಕಾದರೆ ಖಂಡಿಸಬಹುದು. ಆರು ಮಂದಿಯದನ್ನು ಒಪ್ಪದವರು ಆರು ಮಂದಿಯ ಕಾರಣ ಹೇಳಿದರು, ಒಪ್ಪಿದವರು ಭಿನ್ನಮತದ ಕಾರಣ ಹೇಳಿದರು. ಯಾರ ಅಭಿಪ್ರಾಯವೂ ಬದಲಾಗಲಿಲ್ಲ. ಆದರೆ ತರ್ಕದ ಪ್ಯಾಸೇಜುಗಳಲ್ಲಿ ‘ಈ ವಾದವನ್ನು ಯಾವುದು ಬಲಹೀನಗೊಳಿಸುತ್ತದೆ’ ಎಂದು ಕೇಳಿದಾಗ ಆಮೇಲೆ ಯಾರೂ ಎಡವಲಿಲ್ಲ.

ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತನೆಯ ತರಗತಿ ಮಟ್ಟದ್ದು, ಶೇಕಡಾ ಹತ್ತರಷ್ಟು ಮಾತ್ರ. ಆರ್ಟ್ಸಿನವರು ಅದನ್ನು ಕೈಬಿಟ್ಟುಬಿಡುತ್ತಾರೆ. ಗಲ್ಲಾದ ಮೇಲೆ ಕೂತು ಬೆಳೆದ ನಮ್ಮ ಗೆಳತಿ ಶೇಕಡಾವಾರು, ಅನುಪಾತಗಳನ್ನು ಪೆನ್ನಿಲ್ಲದೆ ಮಾಡುತ್ತಿದ್ದಳು. ಅವಳು ಕಲಿಸಿದಳು, ನಾವು ಕಲಿತೆವು.

ಅಂಕ ಹಂಚಿಕೊಳ್ಳುವುದನ್ನು ನಾವು ಬಂದ್ ಮಾಡಿದೆವು. ವಾಟ್ಸ್ಆ್ಯಪಿನಲ್ಲಿ ಅಂಕ ಹಾಕಿದ ದಿನ ಹೆಚ್ಚು ಬಂದವರಿಗೆ ಅಮಲು, ಕಡಿಮೆ ಬಂದವರಿಗೆ ಊಟ ಸೇರದು, ಇಬ್ಬರೂ ಓದುವುದಿಲ್ಲ. ಬದಲಿಗೆ ತಪ್ಪಿದ ಪ್ರಶ್ನೆಗಳ ಪಟ್ಟಿ ಮಾತ್ರ ಹಾಕುತ್ತಿದ್ದೆವು, ಎದುರಿಗೆ ಕಾರಣ: ಓದಲಿಲ್ಲ, ಓದಿದರೂ ತಿಳಿಯಲಿಲ್ಲ, ಅಂದಾಜು ಹೊಡೆದೆ. ಆ ಪಟ್ಟಿಯಿಂದಲೇ ಪರರ ಕಣ್ಣಿಗೆ ನಮ್ಮ ಚಾಳಿ ಕಾಣುವುದು. ಗದಗಿನವನು ಕೊನೆಯ ಹತ್ತು ನಿಮಿಷದಲ್ಲಿ ಉಳಿದ ಗೋಲಗಳನ್ನೆಲ್ಲ ಕಪ್ಪು ಮಾಡಿಬಿಡುತ್ತಿದ್ದ. ನಾಲ್ಕು ತಪ್ಪಿಗೆ ಒಂದು ಅಂಕ ಕೈಬಿಡುತ್ತದೆ ಎಂದು ಅವನಿಗೂ ಗೊತ್ತಿತ್ತು, ಆದರೆ ತಾನು ಹಾಗೆ ಮಾಡುತ್ತಿದ್ದೇನೆ ಎಂಬುದು ಗೊತ್ತಿರಲಿಲ್ಲ.

‘ಜೋಡಿ ಓದಿದಾಂವನ ನಿನ್ನ ಸೀಟು ಹೊಡಕೊಂಡ್ರ?’ ಎಂದು ನಮ್ಮ ಸೋದರಮಾವ ಕೇಳಿದ್ದರು. ದೇಶದಾದ್ಯಂತ ಅರ್ಧ ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆಯಲ್ಲಿ ಪಕ್ಕದ ಮೂವರನ್ನು ಹಿಂದೆ ಹಾಕಿ ಆಗುವುದೇನು? ಹಾಗೆಂದು ಗುಂಪಿನಿಂದ ಎಲ್ಲವೂ ಆಗುತ್ತದೆ ಎಂದಲ್ಲ. ಓದಿನ ವೇಗ ಒಬ್ಬರೇ ಕೂತು ಬೆಳೆಸಬೇಕಾದದ್ದು. ದಿನಾ ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದ ಜತೆ ಒಬ್ಬಳೇ ಗುದ್ದಾಡಿದ ಹೊತ್ತಿಗೆ ಪರ್ಯಾಯವಿರಲಿಲ್ಲ. ಪರೀಕ್ಷೆ ಮಧ್ಯಾಹ್ನ 2ರಿಂದ 4, ಊಟ ಮಾಡಿ ಕಣ್ಣು ಎಳೆಯುವ ಹೊತ್ತು. ಅದಕ್ಕೇ ಭಾನುವಾರ ಅದೇ ವೇಳೆಗೆ ಒಟ್ಟಿಗೆ ಕೂತು ಪೂರ್ತಿ ಪತ್ರಿಕೆ ಬರೆಯುತ್ತಿದ್ದೆವು. ಅಲ್ಲಿ ಮಾತ್ರ ಯಾರೂ ಬಾಯಿ ತೆರೆಯುವಂತಿಲ್ಲ.

ಅರ್ಜಿಯ ಕೆಲಸದಲ್ಲಿ ಗೆಳೆಯರ ಉಪಕಾರ ಓದಿಗಿಂತ ಕಡಿಮೆಯದಲ್ಲ. ನಾಗರಬಾವಿಯ ಲಾ ಸ್ಕೂಲಿನಲ್ಲಿ, ಕರ್ನಾಟಕದಲ್ಲೇ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ 25ರಷ್ಟು ಸೀಟುಗಳಿವೆ ಎಂದು ಪತ್ತೆ ಹಚ್ಚಿದ್ದು ಗದಗಿನ ಹುಡುಗ. ಒಂದನೆಯ ತರಗತಿಯಿಂದ ವ್ಯಾಸಂಗ ಪ್ರಮಾಣಪತ್ರ ಕೂಡಿಸಲು ಹಳ್ಳಿಯ ಶಾಲೆಗೆ ಓಡಿದೆವು. ಅರ್ಜಿಗೆ ಸಾಮಾನ್ಯ ವರ್ಗದವರಿಗೆ 4,000 ರೂಪಾಯಿ. ಇದೊಂದೇ ಖರ್ಚು ಎಂದುಕೊಂಡು ಪಾಲಕರು ಮೋಸಹೋಗಬಾರದು, ಪಾಸಾದಮೇಲೆ ಕೌನ್ಸೆಲಿಂಗಿಗೆ ಹೆಸರು ಹಚ್ಚಲು ಹತ್ತಾರು ಸಾವಿರ ಮುಂಗಡ ಕಟ್ಟಬೇಕು.

ನಮ್ಮ ಪರೀಕ್ಷೆ 2024ರ ಡಿಸೆಂಬರ್ 1ರಂದು ನಡೆಯಿತು. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ, ಡಿಸೆಂಬರ್ 20ಕ್ಕೆ, ದಿಲ್ಲಿ ಹೈಕೋರ್ಟು ಎರಡು ಪ್ರಶ್ನೆಗಳ ಕೀ ಉತ್ತರ ತಪ್ಪೆಂದಿತು. ಮೇಲ್ಮನವಿ, ಮತ್ತಷ್ಟು ಪ್ರಶ್ನೆಗಳ ಮೇಲೆ ತಕರಾರು, ಕೊನೆಗೆ 2025ರ ಮೇ 7ರಂದು ಸುಪ್ರೀಂ ಕೋರ್ಟಿನ ತೀರ್ಪು. ಅಲ್ಲಿಯವರೆಗೆ ಪ್ರವೇಶ ತಡೆದುನಿಂತಿತ್ತು. ನಾವು ಚಹಾ ಕುಡಿಯುತ್ತ ಮಾಡಿದ ಜಗಳವನ್ನೇ ದೊಡ್ಡ ದೊಡ್ಡ ವಕೀಲರು ಕರಿಕೋಟು ಹಾಕಿಕೊಂಡು ಮಾಡಿದ್ದು ನೋಡಿ ಗದಗಿನವನಿಗೆ ಆದ ಖುಷಿ ಹೇಳತೀರದು.

ಇಂಗ್ಲಿಷ್ ಮಾಧ್ಯಮದವನಿಗೆ ಹೊರರಾಜ್ಯದ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿತು. ನನಗೂ ಗೆಳತಿಗೂ ರ‍್ಯಾಂಕು ಸಾಲಲಿಲ್ಲ. ನಾವಿಬ್ಬರೂ ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಐದು ವರ್ಷದ ಕೋರ್ಸಿಗೆ ಸೇರಿದೆವು. ಗದಗಿನವನು ಮತ್ತೊಮ್ಮೆ ಬರೆಯುತ್ತೇನೆಂದು ಕೂತ. ಇಲ್ಲಿಯ ತರಗತಿಯಲ್ಲಿ ತೀರ್ಪು ಓದುವಾಗ ಅಕ್ಕಪಕ್ಕದವರಿಗಿಂತ ನಮಗೆ ಹೆದರಿಕೆ ಕಡಿಮೆ ಎಂಬುದನ್ನು ಇಬ್ಬರೂ ಗಮನಿಸಿದ್ದೇವೆ.

ನಮ್ಮಂಥ ಹುಡುಗ ಹುಡುಗಿಯರಿಗೆ ದಾರಿ ತೋರುವ ಕೆಲಸ ಆಗುತ್ತಿಲ್ಲ ಎಂದಲ್ಲ. ಪ್ರಾಧ್ಯಾಪಕ ಶಮ್ನಾದ್ ಬಶೀರ್ 2010ರಲ್ಲಿ ಕಟ್ಟಿದ ‘ಐಡಿಯಾ’ ಎಂಬ ಸಂಸ್ಥೆ ಬಡ ಮಕ್ಕಳನ್ನು ಹುಡುಕಿ ಕ್ಲಾಟ್‌ಗೆ ತಯಾರು ಮಾಡುತ್ತದೆ. ಆದರೆ ಒಂದು ಸಂಸ್ಥೆ ಎಷ್ಟು ತಾಲ್ಲೂಕು ಸುತ್ತೀತು? ಪಿಯು ಕಾಲೇಜಿನ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಪ್ರಥಮ ಪಿಯುಸಿ ಮಕ್ಕಳಿಗೆ ಈ ಪರೀಕ್ಷೆಯ ಹೆಸರು ಹೇಳಿ, ಆಸೆಪಟ್ಟು ಮುಂದೆ ಬಂದ ಮೂರು ನಾಲ್ಕು ಮಂದಿಯನ್ನು ಒಂದೆಡೆ ಸೇರಿಸಿ, ಹಳೆಯ ಪ್ರಶ್ನೆಪತ್ರಿಕೆಗಳ ಝೆರಾಕ್ಸ್ ಮಾಡಿಸಿಕೊಡಿ, ಭಾನುವಾರ ಮಧ್ಯಾಹ್ನಕ್ಕೆ ಒಂದು ಕೋಣೆಯ ಕೀಲಿ ಅವರ ಕೈಗೆ ಕೊಡಿ.