ನರಸಾಪುರದ ಐಫೋನ್ ಘಟಕ ಮತ್ತು ಗೂಗಲ್–ಎಚ್‌ಟಿಸಿ ಒಪ್ಪಂದ

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಘಟಕವನ್ನು ಟಾಟಾ ಎಲೆಕ್ಟ್ರಾನಿಕ್ಸ್ ಖರೀದಿಸುವ ಒಪ್ಪಂದ 2023ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಮೊತ್ತ ಸುಮಾರು 12.5 ಕೋಟಿ ಡಾಲರ್. ಇದರೊಂದಿಗೆ ಟಾಟಾ, ಐಫೋನ್ ಜೋಡಿಸುವ ಮೊದಲ ಭಾರತೀಯ ಕಂಪನಿಯಾಯಿತು. ವೇತನದ ವಿಚಾರಕ್ಕೆ 2020ರ ಡಿಸೆಂಬರ್‌ನಲ್ಲಿ ಕಾರ್ಮಿಕರು ದಾಂಧಲೆ ನಡೆಸಿದ್ದು ಇದೇ ಘಟಕದಲ್ಲಿ.

ಇದರ ಜೊತೆಗೆ ಓದಿಕೊಳ್ಳಬೇಕಾದದ್ದು ಗೂಗಲ್–ಎಚ್‌ಟಿಸಿ ಒಪ್ಪಂದ. ಮೊದಲ ಆಂಡ್ರಾಯ್ಡ್ ಫೋನನ್ನು 2008ರಲ್ಲಿ ತಯಾರಿಸಿದ ಎಚ್‌ಟಿಸಿ ಕೂಡ ತೈವಾನಿನದೇ. ಆಪಲ್, ಸ್ಯಾಮ್‌ಸಂಗ್ ಮತ್ತು ಚೀನಾದ ಅಗ್ಗದ ಫೋನುಗಳ ಪೈಪೋಟಿಯಲ್ಲಿ ಅದು ಸೊರಗಿತು. 2017ರ ಸೆಪ್ಟೆಂಬರ್‌ನಲ್ಲಿ ಗೂಗಲ್ 110 ಕೋಟಿ ಡಾಲರ್ ಒಪ್ಪಂದ ಘೋಷಿಸಿ, ಸುಮಾರು 2,000 ಎಂಜಿನಿಯರ್‌ ಹಾಗೂ ಸಿಬ್ಬಂದಿಯನ್ನು ಸೆಳೆದುಕೊಂಡಿತು. ಅವರಲ್ಲಿ ಅನೇಕರು ಮೊದಲೇ ಗೂಗಲ್‌ನ ಪಿಕ್ಸೆಲ್ ಫೋನಿಗಾಗಿ ದುಡಿಯುತ್ತಿದ್ದವರು. ಎಚ್‌ಟಿಸಿಯ ಬೌದ್ಧಿಕ ಆಸ್ತಿಯ ಬಳಕೆಗೆ ಗೂಗಲ್‌ಗೆ ಸಿಕ್ಕಿದ್ದು ಪರವಾನಗಿ ಮಾತ್ರ, ಒಡೆತನವಲ್ಲ. 2018ರ ಜನವರಿಯಲ್ಲಿ ವ್ಯವಹಾರ ಪೂರ್ಣಗೊಂಡಿತು.

ಇಡೀ ಕಂಪನಿಯನ್ನು ಕೊಳ್ಳದ ಗೂಗಲ್‌ನದು ಜಾಣ ನಡೆಯೇ. 2012ರಲ್ಲಿ 1,250 ಕೋಟಿ ಡಾಲರ್ ಕೊಟ್ಟು ಇಡೀ ಮೊಟೊರೊಲಾ ಮೊಬಿಲಿಟಿಯನ್ನೇ ಕೊಂಡು, 2014ರಲ್ಲಿ ಲೆನೊವೊಗೆ ಮಾರಿದ ಅನುಭವ ಅದಕ್ಕಿತ್ತು.

‘ಗೂಗಲ್ ಎಚ್‌ಟಿಸಿ ಕಂಪನಿಯನ್ನೇ ಖರೀದಿಸಿತು’ ಎಂಬ ಹೇಳಿಕೆ ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ತಪ್ಪು ಎಂದೇ ಗುರುತಿಸಿ.