ಹೊಸ ಶಕ್ತಿಮಾನನ ಬಗ್ಗೆ ಜಗಳವಾಡುವವರಿಗೆ

ನೋಡ್ರಪ್ಪ, ಶಕ್ತಿಮಾನ್ ಮತ್ತೆ ಬರಬೇಕೋ ಬೇಡವೋ ಅಂತ ನೀವು ಆಡುವ ಜಗಳವನ್ನು ಬಿಡಿಸೋಕೆ ನಾನು ಬಂದಿಲ್ಲ. ಆಡಿ. ಬೋರ್‌ವೆಲ್ಲು, ಆಲೂಗಡ್ಡೆ ರೇಟು, ಹೊಳೆನರಸೀಪುರದ ರಾಜಕೀಯ ಇಷ್ಟನ್ನು ಬಿಟ್ಟು ಬೇರೊಂದಕ್ಕೆ ನಮ್ಮ ಕಡೆಯ ಹುಡುಗರು ಗಂಟಲು ಹರಿದುಕೊಳ್ಳುತ್ತಾರೆಂದರೆ ನನಗೆ ಒಳಗೊಳಗೇ ಖುಷಿ. ನನ್ನ ತಕರಾರು ನೀವು ಆಡುವ ರೀತಿಯ ಮೇಲೆ. ಒಬ್ಬ ‘ಮುಕೇಶ್ ಖನ್ನಾ ಬಿಟ್ರೆ ಇನ್ಯಾರೂ ಬೇಡ’ ಅನ್ನುತ್ತಾನೆ. ಇನ್ನೊಬ್ಬ ‘ಆ ಹಳೇ ಗ್ರಾಫಿಕ್ಸ್ ಈಗ ಯಾರು ನೋಡ್ತಾರೆ’ ಅನ್ನುತ್ತಾನೆ. ಅಲ್ಲಿಗೆ ಇಬ್ಬರೂ ಮುಖ ತಿರುಗಿಸಿಕೊಂಡು ಎದ್ದು ಹೋಗುತ್ತೀರಿ. ಇಷ್ಟು ಬೇಗ ಮುಗಿಯುವುದನ್ನು ಜಗಳ ಅಂತ ಯಾರಾದರೂ ಕರೀತಾರಾ?

ಜಗಳವಾಡುವುದನ್ನು ಕಲಿಯಬೇಕಾದರೆ ಊರ ಹಬ್ಬದ ರಾತ್ರಿ ಕುರುಕ್ಷೇತ್ರ ನಾಟಕ ನೋಡುವವರ ಪಕ್ಕ ಕೂತುಕೊಳ್ಳಿ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಯಾವ ತಾಲ್ಲೂಕಾದರೂ ಸರಿ. ಹಳ್ಳಿಗೆ ಹೋಗಲು ಬೇಜಾರಾದರೆ ಹಾಸನದ ಹಾಸನಾಂಬ ಕಲಾಕ್ಷೇತ್ರವಿದೆ. ನಾನು ಯಾವತ್ತೂ ಪಾತ್ರ ಕಟ್ಟಿದವನಲ್ಲ. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಧೈರ್ಯವೂ ಇರಲಿಲ್ಲ, ದುರ್ಯೋಧನನ ಪಾತ್ರಕ್ಕೆ ಕಟ್ಟಬೇಕಾದ ದುಡ್ಡೂ ಇರಲಿಲ್ಲ. ನಾನು ಚಾಪೆ ಹಾಸಿಕೊಂಡು ನೋಡುವ ಪಂಗಡದವನು. ನೀವೂ ಅದೇ ಪಂಗಡದವರಾದ್ದರಿಂದ ನಮ್ಮ ನಮ್ಮಲ್ಲಿ ಮಾತಾಡಬಹುದು.

ಆ ನಾಟಕದ ಕತೆ ಎಲ್ಲರಿಗೂ ಗೊತ್ತು. ಬೆಳಗಿನ ಜಾವಕ್ಕೆ ಭೀಮ ತೊಡೆ ಮುರಿಯುತ್ತಾನೆ, ದುರ್ಯೋಧನ ಬೀಳುತ್ತಾನೆ. ಹೋದ ವರ್ಷವೂ ಬಿದ್ದ, ಪಕ್ಕದ ಊರಿನಲ್ಲೂ ಬಿದ್ದ. ಆದರೂ ‘ಮತ್ತೆ ಯಾಕ್ರೀ ಕುರುಕ್ಷೇತ್ರ?’ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಈ ಸಲದ ದುರ್ಯೋಧನ ಯಾರು, ಮೇಷ್ಟ್ರು ಯಾರು, ಸೀನರಿ ಎಲ್ಲಿಯದು, ಕೇಳುವುದು ಇಷ್ಟನ್ನೇ. ಗುಬ್ಬಿ ವೀರಣ್ಣನವರ ಕಂಪನಿ ಇದೇ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನು ತಂದಿತ್ತು. ಅದನ್ನು ಕಂಡವರು, ಕಂಡವರಿಂದ ಕೇಳಿದವರು ಊರೂರಲ್ಲಿ ಇದ್ದರು. ಹಾಗಂತ ಆನೆ ಇಲ್ಲದ ಕುರುಕ್ಷೇತ್ರ ಬೇಡ ಎಂದು ಯಾರೂ ಮನೆಯಲ್ಲಿ ಕೂರಲಿಲ್ಲ. ಕೈಗಡಿಯಾರ ಬಿಚ್ಚುವುದನ್ನು ಮರೆತ ಭೀಮನನ್ನೂ ನೋಡಿದರು, ನಕ್ಕರು. ಅದೇ ಭೀಮ ಪದ್ಯ ಎತ್ತಿದಾಗ ‘ಒನ್ಸ್ ಮೋರ್’ ಅಂತಲೂ ಕೂಗಿದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬಟ್ಟೆ ಬದಲಾಗುತ್ತದೆ. ಗ್ಯಾಸ್‌ಲೈಟ್ ಹೋಗಿ ಬಣ್ಣದ ಎಲ್‌ಇಡಿ ಬಂತು. ಹೆಣ್ಣು ಪಾತ್ರಕ್ಕೆ ಗಂಡಸರು ಸೀರೆ ಉಡುತ್ತಿದ್ದ ಕಾಲ ಹೋಗಿ ಕಲಾವಿದೆಯರು ಬಂದರು. ನೆಂಟರು ಸೀನಿನ ನಡುವೆಯೇ ವೇದಿಕೆ ಹತ್ತಿ ನೋಟಿನ ಹಾರ ಹಾಕಿ ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಸಾಯಬೇಕಾದ ಕರ್ಣ ಅವರಿಗಾಗಿ ಕಾಯುತ್ತಾ ನಿಂತಿರುತ್ತಾನೆ. ಇದನ್ನೆಲ್ಲ ಜನ ಸಹಿಸುತ್ತಾರೆ. ಆದರೆ ಪದ್ಯದ ಮಟ್ಟು ತಪ್ಪಲಿ, ನೋಡಿ! ತಿಂಗಳುಗಟ್ಟಲೆ ದೇವಸ್ಥಾನದ ಜಗಲಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟ ಮಟ್ಟನ್ನು ಕೃಷ್ಣ ಒಂದು ಕಡೆ ಜಾರಿಸಿದರೆ, ಕೊನೇ ಸಾಲಿನಲ್ಲಿ ತೂಕಡಿಸುತ್ತಿದ್ದ ಅಜ್ಜ ಕಣ್ಣು ಬಿಟ್ಟು ‘ಥೂ’ ಅನ್ನುತ್ತಾನೆ. ಯಾವುದನ್ನು ಬದಲಾಯಿಸಿದರೆ ನಡೆಯುತ್ತದೆ, ಯಾವುದನ್ನು ಮುಟ್ಟಿದರೆ ನಾಟಕವೇ ಕೆಡುತ್ತದೆ ಎನ್ನುವುದು ಆ ಅಜ್ಜನಿಗೆ ಗೊತ್ತು. ನಿಮ್ಮ ಜಗಳದಲ್ಲಿ ಇಲ್ಲದಿರುವುದು ಅದೇ. ನೀವು ಮೆಚ್ಚಿದ ಧಾರಾವಾಹಿಯ ಮಟ್ಟು ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಉಳಿದದ್ದೆಲ್ಲ ಸೀನರಿ.

ಶಕ್ತಿಮಾನನನ್ನೇ ತಗೊಳ್ಳಿ. 1997ರ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ ಶುರುವಾಗಿ 2005ರವರೆಗೆ ನಡೆಯಿತು. ಭಾನುವಾರ ಮಧ್ಯಾಹ್ನ ಬೀದಿಯಲ್ಲಿ ಒಂದು ಮಗುವೂ ಕಾಣುತ್ತಿರಲಿಲ್ಲ. ಹಿಂದಿ ಅರ್ಧಂಬರ್ಧ ಗೊತ್ತಿದ್ದ ಮಕ್ಕಳಿಗೂ ಆ ಗಿರಕಿ ಹೊಡೆದು ಹಾರುವುದು ಅರ್ಥವಾಗುತ್ತಿತ್ತು. ನಿಮ್ಮಲ್ಲಿ ಒಬ್ಬ ‘ಅದು ಸೈನ್ಸ್ ಫಿಕ್ಷನ್ನೇ ಅಲ್ಲ’ ಅಂದನಲ್ಲ, ಅವನ ಮಾತಿನಲ್ಲೂ ಸ್ವಲ್ಪ ಹುರುಳಿದೆ. ನಾಯಕನಿಗೆ ಶಕ್ತಿ ಬರುವುದು ಯೋಗ, ಕುಂಡಲಿನಿ, ಪಂಚಭೂತಗಳಿಂದ. ಪ್ರಯೋಗಶಾಲೆ ಇರುವುದೆಲ್ಲ ಎದುರಾಳಿ ಡಾಕ್ಟರ್ ಜಾಕಾಲ್ ಕಡೆ. ಅರ್ಧ ಪುರಾಣ, ಅರ್ಧ ವಿಜ್ಞಾನ. ಇನ್ನೊಂದು ತಮಾಷೆ ನಿಮಗೆ ಗೊತ್ತಿದೆಯೋ ಇಲ್ಲವೋ: ಬಿ.ಆರ್. ಚೋಪ್ರಾ ಅವರ ಮಹಾಭಾರತದಲ್ಲಿ ಶಕ್ತಿಮಾನನಾದ ಮುಕೇಶ್ ಖನ್ನಾ ಭೀಷ್ಮ, ಖಳನಾಯಕ ಕಿಲ್ವಿಷನಾದ ಸುರೇಂದ್ರ ಪಾಲ್ ದ್ರೋಣ. ಕುರುಕ್ಷೇತ್ರದಲ್ಲಿ ಒಂದೇ ಕಡೆ ನಿಂತಿದ್ದ ಇಬ್ಬರು ಇಲ್ಲಿ ಎದುರುಬದುರಾದರು!

ಈ ಧಾರಾವಾಹಿಯ ಮಟ್ಟು ಯಾವುದು? ಕೆಂಪು ಅಂಗಿ ಅಂತೀರಾ? ಗಿರಕಿ ಅಂತೀರಾ? ನನ್ನ ಲೆಕ್ಕದಲ್ಲಿ ಗಂಗಾಧರ. ಹಲ್ಲು ಮುಂದೆ ಮಾಡಿಕೊಂಡು, ಕನ್ನಡಕ ಹಾಕಿಕೊಂಡು, ಪತ್ರಿಕೆಯ ಆಫೀಸಿನಲ್ಲಿ ಎಲ್ಲರ ಕೈಲೂ ನಗಿಸಿಕೊಳ್ಳುವ ಆ ಪೆದ್ದ. ಲೋಕವನ್ನೇ ಕಾಯಬಲ್ಲವನು ದಿನವಿಡೀ ನಗೆಪಾಟಲಾಗಿ ಬದುಕಲು ಒಪ್ಪಿಕೊಂಡಿದ್ದಾನೆ. ಕ್ಲಾಸಿನಲ್ಲಿ ಕೊನೇ ಬೆಂಚಿನ ಹುಡುಗ ಶಕ್ತಿಮಾನನನ್ನು ಪ್ರೀತಿಸಿದ್ದು ಅದಕ್ಕೇ ಎಂದು ನಾನು ತಿಳಿದಿದ್ದೇನೆ. ಎರಡನೆಯದು, ಕತೆ ಮುಗಿದ ಮೇಲೆ ಅವನು ಮಕ್ಕಳಿಗೆ ಹೇಳುತ್ತಿದ್ದ ಬುದ್ಧಿಮಾತು. ದೊಡ್ಡವರಿಗೆ ಅದು ಬೋರು, ಮಕ್ಕಳಿಗಲ್ಲ. ಇನ್ನೂರು ಮುನ್ನೂರು ಕೋಟಿ ಸುರಿದು, ಗಂಗಾಧರನನ್ನು ತೆಗೆದುಹಾಕಿ, ಮಾಂಸಖಂಡದ ಒಬ್ಬ ವೀರನನ್ನು ತೋರಿಸಿದರೆ ನಾನೂ ನಿಮ್ಮ ಜೊತೆ ‘ಥೂ’ ಅನ್ನುತ್ತೇನೆ. ಗಂಗಾಧರ ಉಳಿದರೆ, ಆಮೇಲೆ ಅಂಗಿಯ ಬಣ್ಣ ಏನಾದರೂ ಆಗಲಿ. ಇದಕ್ಕೆ ನೀವು ಒಪ್ಪಬೇಕೆಂದಿಲ್ಲ. ನಿಮ್ಮ ಮಟ್ಟು ಬೇರೆ ಇದ್ದರೆ ಅದನ್ನು ಹೇಳಿ, ವಾದ ಮಾಡಿ, ಅದಕ್ಕೊಂದು ಕಂತು ತೋರಿಸಿ.

ನಟನ ವಿಷಯಕ್ಕೆ ಬರೋಣ. ಸೋನಿಯವರು 2022ರ ಫೆಬ್ರವರಿಯಲ್ಲಿ ಶಕ್ತಿಮಾನ್ ಸಿನಿಮಾ ಮಾಡುತ್ತೇವೆಂದು ಸಾರಿದರು. ರಣವೀರ್ ಸಿಂಗ್ ಹೆಸರು ಓಡಾಡಿತು. 2024ರ ಮಾರ್ಚಿನಲ್ಲಿ ಖನ್ನಾ ಅವರು ರಣವೀರ್ ಆ ಪಾತ್ರಕ್ಕೆ ಹೊಂದುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು, ನವೆಂಬರಿನಲ್ಲಿ ತಾವೇ ಆ ವೇಷ ತೊಟ್ಟು ಕಾಣಿಸಿಕೊಂಡರು. ಸಿಂಹಾಸನವನ್ನೇ ಬಿಟ್ಟುಕೊಟ್ಟ ಭೀಷ್ಮನ ಪಾತ್ರ ಮಾಡಿದವರಿಗೂ ಶಕ್ತಿಮಾನನ ಅಂಗಿ ಬಿಟ್ಟುಕೊಡುವುದು ಕಷ್ಟವೇ. ಅವರನ್ನು ಆಡಿಕೊಳ್ಳಬೇಡಿ. ಪಾತ್ರ ಮೈಗೆ ಹತ್ತಿದವರ ಸಂಕಟ ಅದು. ನಮ್ಮೂರುಗಳಲ್ಲೂ ಹೊಸ ಹುಡುಗ ಗದೆ ಹಿಡಿದ ರಾತ್ರಿ ಹಳೆಯ ದುರ್ಯೋಧನ ತಲೆನೋವು ಅಂತ ಮನೆಯಲ್ಲೇ ಮಲಗಿಬಿಡುವುದುಂಟು. ಆದರೆ ಅದು ನಟನ ಸಂಕಟ. ನೋಡುವವರಾದ ನಾವು ಅದನ್ನು ಹೊತ್ತುಕೊಂಡು ತಿರುಗಬೇಕಾಗಿಲ್ಲ.

ಬ್ರಿಟನ್ನಿನವರು ಈ ಗಂಟನ್ನು ಚೆನ್ನಾಗಿ ಬಿಡಿಸಿಕೊಂಡರು. ಡಾಕ್ಟರ್ ಹೂ ಅನ್ನುವ ಅವರ ವಿಜ್ಞಾನ ಧಾರಾವಾಹಿ 1963ರಲ್ಲಿ ಶುರುವಾಯಿತು. ಮೂರೇ ವರ್ಷಕ್ಕೆ ಮುಖ್ಯ ನಟ ವಿಲಿಯಂ ಹಾರ್ಟ್ನೆಲ್ ಆರೋಗ್ಯ ಕೈಕೊಟ್ಟಿತು. ಕತೆಗಾರರು ಕತೆಯನ್ನು ನಿಲ್ಲಿಸಲಿಲ್ಲ. ಈ ಡಾಕ್ಟರ್ ಸಾಯುವ ಹೊತ್ತಿಗೆ ಹೊಸ ದೇಹ, ಹೊಸ ಮುಖ ಪಡೆಯುತ್ತಾನೆ ಅಂತ ಮಾಡಿಬಿಟ್ಟರು. 1989ಕ್ಕೆ ನಿಂತ ಸರಣಿ 2005ಕ್ಕೆ ಮತ್ತೆ ಎದ್ದಿತು. ಮುಂದೆ ಒಬ್ಬ ಹೆಂಗಸೂ ಆ ಡಾಕ್ಟರ್ ಆದಳು. ಪ್ರತಿ ಸಲವೂ ಅಲ್ಲಿಯ ಅಭಿಮಾನಿಗಳು ಕಿತ್ತಾಡಿದ್ದಾರೆ, ಆದರೆ ಯಾವ ಡಾಕ್ಟರ್ ಹೇಗೆ ಮಾಡಿದ ಎಂದು ಕಿತ್ತಾಡಿದ್ದೇ ಹೆಚ್ಚು. ಕೇಳಿದರೆ ನಮ್ಮ ಚನ್ನರಾಯಪಟ್ಟಣದ ಕಡೆಯ ಜಗಳದ ಹಾಗೇ ಇರುತ್ತದೆ.

ಚನ್ನರಾಯಪಟ್ಟಣ ಅಂದಾಗ ನೆನಪಾಯಿತು. ಆ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು 1979ರಲ್ಲಿ ‘ಪರ್ವ’ ಬರೆದು ಮಹಾಭಾರತದಿಂದ ಪವಾಡಗಳನ್ನೆಲ್ಲ ಕಳಚಿದರು. ಗಮಕ ಕೇಳಿ ಬೆಳೆದವರಲ್ಲಿ ಎಷ್ಟೋ ಜನರಿಗೆ ಅದು ನುಂಗಲಾರದ ತುತ್ತು. ‘ಪರ್ವ’ ಬಂತು ಅಂತ ಕುರುಕ್ಷೇತ್ರ ನಾಟಕವೇನೂ ನಿಲ್ಲಲಿಲ್ಲ, ಕುರುಕ್ಷೇತ್ರ ಇದೆ ಅಂತ ‘ಪರ್ವ’ ಓದುವವರೂ ಕಡಿಮೆಯಾಗಲಿಲ್ಲ. 2021ರಲ್ಲಿ ಅದೇ ‘ಪರ್ವ’ ಮೈಸೂರು ರಂಗಾಯಣದಲ್ಲಿ ಎಂಟು ಗಂಟೆಯ ನಾಟಕವಾಯಿತು. ಎಂಬತ್ತರ ಆಸುಪಾಸಿನಲ್ಲಿ, 2014ರಲ್ಲಿ, ಆ ಮನುಷ್ಯ ‘ಯಾನ’ ಬರೆದು ಒಂದು ಗಂಡು ಒಂದು ಹೆಣ್ಣನ್ನು ಸೌರಮಂಡಲದ ಆಚೆಗೆ ಕಳಿಸಿಬಿಟ್ಟರು. ವಿಜ್ಞಾನದ ಕತೆಯೆಂದರೆ ಹಿಂದಿ, ಇಂಗ್ಲಿಷಿನಲ್ಲೇ ಇರಬೇಕು ಅನ್ನುವವರು ಒಮ್ಮೆ ಅದನ್ನು ಓದಿ.

ಹಾಸನದವನಾಗಿ ಇನ್ನೊಂದನ್ನು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ನೀವು ಆಂಟೆನಾ ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಚಿತ್ರ ದೆಹಲಿಯಿಂದ ನಿಮ್ಮ ಮನೆಗೆ ಬರಲು ಇನ್ಸಾಟ್ ಉಪಗ್ರಹಗಳು ಬೇಕಿತ್ತು. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಅವನ್ನು ಜಾಗ ಬಿಟ್ಟು ಕದಲದಂತೆ ನೋಡಿಕೊಂಡದ್ದು ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ. 1982ರಲ್ಲಿ ಅದು ಶುರುವಾದ ವರ್ಷವೇ ಮೊದಲ ಇನ್ಸಾಟ್-1ಎ ಐದು ತಿಂಗಳಿಗೆ ಕೈಬಿಟ್ಟು ಹೋಯಿತು. ಮರುವರ್ಷ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ 1ಬಿ ನಿಂತಿತು, ದೇಶಕ್ಕೆಲ್ಲ ಟಿವಿ ಬಂತು. ಕಿಲ್ವಿಷನ ಕತ್ತಲೆಗೆ ಹೆದರಿ ಕೂತಿದ್ದ ಮಗುವಿನ ಊರಿನಿಂದಲೇ ಆಕಾಶಕ್ಕೆ ಆಜ್ಞೆ ಹೋಗುತ್ತಿತ್ತು! ಹಾಗಾಗಿ ಹೊಸ ಚಿತ್ರದಲ್ಲಿ ವಿಜ್ಞಾನದ ಭಾಗ ಕಳಪೆಯಾಗಿದ್ದರೆ ಬೇರೆಯವರು ಸುಮ್ಮನಿದ್ದರೂ ಹಾಸನದ ಹುಡುಗರು ಬಿಡಬಾರದು.

ಇನ್ನು, ನೋಡುವ ಮೊದಲೇ ತೀರ್ಪು ಕೊಡುವ ಚಟ. ಕುರುಕ್ಷೇತ್ರವನ್ನು ಬೈಯುವ ಹಕ್ಕು ಬೆಳಗಿನವರೆಗೆ ಕೂತವನಿಗೆ ಮಾತ್ರ. ಹನ್ನೆರಡು ಗಂಟೆಗೆ ಎದ್ದು ಹೋದವನು ಮಾರನೇ ದಿನ ಹೋಟೆಲಿನಲ್ಲಿ ಬಾಯಿ ಬಿಟ್ಟರೆ ‘ಕುಂತಿ-ಕರ್ಣರ ಸೀನ್ ನೋಡಿದ್ಯೇನೋ?’ ಅಂತ ಒಂದೇ ಪ್ರಶ್ನೆಗೆ ಬಾಯಿ ಮುಚ್ಚಿಸುತ್ತಾರೆ. ಪೂರ್ತಿ ನೋಡಿ, ಇಂಥ ಮಾತು, ಇಂಥ ದೃಶ್ಯ ಅಂತ ಬೆರಳಿಟ್ಟು ತೋರಿಸಿದರೆ ದೊಡ್ಡವರೂ ಬಗ್ಗುತ್ತಾರೆ. 2023ರಲ್ಲಿ ಆದಿಪುರುಷ್ ಬಂದಾಗ ಹನುಮಂತನ ಬಾಯಲ್ಲಿ ಬಂದ ಮಾತು ಕೇಳಿ ಜನ ಸಿಟ್ಟಾದರು. ಬಿಡುಗಡೆಯಾದ ಮೇಲೆ ಸಂಭಾಷಣೆಯನ್ನೇ ತಿದ್ದಬೇಕಾಯಿತು. ಅದಕ್ಕೇ ಅಂದೆ, ಬೆರಳಿಡಿ.

‘ಮತ್ತೆ ಮಾಯಾಮೃಗ’ದ ವಿಷಯದಲ್ಲಿ ನಮ್ಮ ವಯಸ್ಸಿನವರೇನೂ ನಿಮಗಿಂತ ಮೇಲಲ್ಲ. ಟಿ.ಎನ್. ಸೀತಾರಾಂ ತಂಡದ ‘ಮಾಯಾಮೃಗ’ 1998ರಲ್ಲಿ ಚಂದನದಲ್ಲಿ ಬಂದಿತ್ತು. 2022ರಲ್ಲಿ ಸಿರಿ ಕನ್ನಡದಲ್ಲಿ ಅದು ಮುಂದುವರಿದಾಗ ನಮ್ಮ ಮನೆ ಜಗಲಿಯಲ್ಲೂ ‘ಹಳೇದರ ರುಚಿ ಇಲ್ಲ’ ಅನ್ನುವ ರಾಗ ಎದ್ದಿತು. ಆದರೆ ಅದು ಮುಂದುವರಿಕೆ, ಅದರಲ್ಲಿ ಮುಂದಿನ ತಲೆಮಾರಿನ ಕತೆ ಇತ್ತು. 2006ರಲ್ಲಿ ಕವಿತಾ ಲಂಕೇಶ್ ಮಾಡಿದ ಮಾಲ್ಗುಡಿ ಡೇಸ್‌ನಲ್ಲಿ ಊರು ಅದೇ, ನಿರ್ದೇಶಕರು ಬೇರೆ. ಹಳೆಯದನ್ನು ಮಾಡಿದ್ದ ಶಂಕರ್‌ನಾಗ್ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಶಕ್ತಿಮಾನ್ ಸಿನಿಮಾದ್ದು ಮೂರನೆಯ ಬಗೆ, ಹೊಸದಾಗಿ ಕಟ್ಟುವುದು. ಮೂರಕ್ಕೂ ಒಂದೇ ತಕ್ಕಡಿ ಹಿಡಿಯಬೇಡಿ.

ಕಡೆಗೆ ಮಕ್ಕಳ ಮಾತು. 2020ರ ಲಾಕ್‌ಡೌನಿನಲ್ಲಿ ಶಕ್ತಿಮಾನ್ ಮತ್ತೆ ಪ್ರಸಾರವಾದಾಗ ನಿಮ್ಮಲ್ಲಿ ಎಷ್ಟೋ ಜನ ನಿಮ್ಮ ಮಕ್ಕಳನ್ನು ಹಿಡಿದು ಕೂರಿಸಿದಿರಿ. ಅವರು ಗ್ರಾಫಿಕ್ಸ್ ನೋಡಿ ನಕ್ಕರು, ನಿಮಗೆ ಸಿಟ್ಟು ಬಂತು. ಯಾಕಪ್ಪಾ ಸಿಟ್ಟು? ನೀವು ಎಂಟು ವರ್ಷದವರಿದ್ದಾಗ ನಿಮ್ಮಪ್ಪ ಬೇಡರ ಕಣ್ಣಪ್ಪ ತೋರಿಸಿದ್ದರೆ ಎಷ್ಟು ಹೊತ್ತು ಕೂರುತ್ತಿದ್ದಿರಿ? ಹೊಸ ಶಕ್ತಿಮಾನನನ್ನೇ ಮೊದಲು ಕಂಡ ಮಗುವಿಗೆ ‘ನಿಂಗೇನ್ ಗೊತ್ತು, ನಮ್ಮ ಕಾಲದ್ದು’ ಅಂತ ಶುರು ಮಾಡಬೇಡಿ. ಅದಕ್ಕೆ ಏನು ಇಷ್ಟವಾಯಿತು ಅಂತ ಕೇಳಿ, ಉತ್ತರ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಿ. ಹಳೆಯದನ್ನು ತೋರಿಸುವುದಿದ್ದರೆ ಆಮೇಲೆ, ಅದು ಕೇಳಿದಾಗ.

ಸಿನಿಮಾ ಬಂದ ದಿನ ಹಾಸನಕ್ಕೆ ಹೋಗುವಾಗ ನನಗೂ ಒಂದು ಟಿಕೆಟ್ ತೆಗೆಯಿರಿ. ಗಂಗಾಧರ ಬರುವ ಸೀನಿನಲ್ಲಿ ಪಕ್ಕದಲ್ಲಿ ಕೂತು ಮಾತಾಡಬೇಡಿ, ಜಗಳವೆಲ್ಲ ಇಂಟರ್‌ವಲ್ಲಿಗೆ. ಕಾಫಿ ದುಡ್ಡು ನಾನೇ ಕೊಡುತ್ತೇನೆ.