ಮಗುವಿಗೆ ಮರುನುಡಿಯುವವರು ಯಾರು?

ಹಝ್ರತ್ ಅನಸ್(ರ)ರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಆಗಷ್ಟೇ ಮೊಲೆಹಾಲು ಬಿಟ್ಟ ಪ್ರಾಯ. ಅವನು ಆಡಿಸುತ್ತಿದ್ದ ಚಿಕ್ಕ ಹಕ್ಕಿ ಒಂದು ದಿನ ಸತ್ತುಹೋಯಿತು. ಮನೆಗೆ ಬಂದ ಪ್ರವಾದಿವರ್ಯರು(ಸ) ಮಗು ಸಪ್ಪಗಿರುವುದನ್ನು ಕಂಡು ಕಾರಣ ವಿಚಾರಿಸಿದರು. ಬಳಿಕ ಅವನನ್ನೇ ಮಾತಾಡಿಸಿ, ಹಕ್ಕಿಗೇನಾಯಿತೆಂದು ಕೇಳಿದರು. ಅದೂ ಹೇಗೆ? ಹುಡುಗನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಕೂಡುವಂತೆ. ಉಮೈರ್, ನುಘೈರ್ ಎಂದು! ಇಬ್ನುಲ್ ಖಾಸ್ಸ್ ಎಂಬ ವಿದ್ವಾಂಸರು ಈ ಒಂದೇ ಹದೀಸಿನಿಂದ ಸುಮಾರು 60 ಪಾಠಗಳನ್ನು ಹೆಕ್ಕಿದ್ದಾರೆ. ತಂದೆತಾಯಂದಿರಿಗೆ ಸದ್ಯ ಒಂದು ಸಾಕು. ಹಕ್ಕಿ ಸತ್ತ ದುಃಖ ಮಗುವಿಗೆ ಸಣ್ಣದಲ್ಲ. ಆದರೆ ಅದನ್ನು ಹೇಳಲು ಅದರ ಬಳಿ ಮಾತಿಲ್ಲ. ಆ ಮಾತನ್ನು ಹಿರಿಯರೇ ಎತ್ತಿಕೊಡಬೇಕು.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಮಗು ಅತ್ತೊಡನೆ ಅದರ ಕೈಗೆ ಮೊಬೈಲ್ ಬರುತ್ತದೆ. ಅಳು ನಿಲ್ಲುತ್ತದೆ, ನಿಜ. ಏಕೆ ಅತ್ತಿತೆಂಬುದು ಮಗುವಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ಅಳುವೆಲ್ಲ ಹಠವಲ್ಲ. ಎಂಟೊಂಬತ್ತು ತಿಂಗಳ ಮಗುವಿನ ಮುಂದೆ ಗಿಲಕಿಯನ್ನು ಬಟ್ಟೆಯಡಿ ಮುಚ್ಚಿಡಿ, ಬಟ್ಟೆ ಸರಿಸಿ ಹುಡುಕುತ್ತದೆ. ಅದಕ್ಕಿಂತ ಎಳೆಯ ಕೂಸು ಸಾಮಾನ್ಯವಾಗಿ ಹುಡುಕುವುದಿಲ್ಲ. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆಯೆಂಬ ಅರಿವು ಬಲಿಯುವ ಕಾಲವದು. ತಾಯಿ ಅಡಿಗೆಮನೆಗೆ ಹೋದರೆ ಚೀರುವುದೂ ಹೆಚ್ಚಾಗಿ ಆ ಪ್ರಾಯದಲ್ಲೇ. ತಾಯಿ ಎಲ್ಲೋ ಇದ್ದಾಳೆ, ತನ್ನ ಬಳಿ ಇಲ್ಲ ಎಂದು ಅದಕ್ಕೀಗ ಗೊತ್ತು. ಮುದ್ದು ಮಾಡಿ ಕೆಡಿಸಿದೆಯೆಂದು ಮನೆಯ ಹಿರಿಯರು ಸೊಸೆಯನ್ನು ಗದರುತ್ತಾರೆ. ವಾಸ್ತವದಲ್ಲಿ ಮಗುವಿನ ಬುದ್ಧಿ ಒಂದು ಮೆಟ್ಟಿಲು ಏರಿದೆ!

ಇನ್ನು ಮಾತಿನ ವಿಷಯ. ಮೊದಲ ಆರು ತಿಂಗಳು ಶಿಶುವಿಗೆ ಹೆಚ್ಚುಕಡಿಮೆ ಎಲ್ಲ ಭಾಷೆಗಳ ಧ್ವನಿಭೇದವೂ ಕೇಳಿಸುತ್ತದೆ. ವರ್ಷ ತುಂಬುವಷ್ಟರಲ್ಲಿ ಮನೆಯ ಭಾಷೆಗೆ ಕಿವಿ ಹರಿತವಾಗಿ, ಪರಭಾಷೆಯ ಧ್ವನಿಗಳು ಮಸುಕಾಗುತ್ತವೆ. ಅಮೆರಿಕದ ಪೆಟ್ರೀಶಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಮಕ್ಕಳಿಗೆ 12 ಬಾರಿ ಚೀನೀ ಭಾಷೆಯನ್ನು ಕೇಳಿಸಲಾಯಿತು. ಎದುರು ಕುಳಿತು ಆಟವಾಡಿಸುತ್ತಾ ಮಾತಾಡಿದಾಗ ಮಕ್ಕಳು ಆ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ಪರದೆಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ಎರಡು ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಸಲಹೆ ನೀಡಿದೆ.

ಬ್ಯಾರಿ, ಉರ್ದು, ನವಾಯತಿ, ಮನೆಯ ಮಾತು ಯಾವುದೇ ಇರಲಿ, ಅದರಲ್ಲೇ ಮಾತಾಡಿಸಿ. ಮುಂದೆ ಶಾಲೆಯ ಕನ್ನಡಕ್ಕೆ ಅದು ಅಡ್ಡಿಯಾದೀತೆಂಬ ಭಯ ಬೇಡ. ಎರಡು ಭಾಷೆಗಳನ್ನು ಒಟ್ಟಿಗೆ ಹೊರುವ ಶಕ್ತಿ ಮಕ್ಕಳಿಗಿದೆ. ಅನ್ನ ಉಣಿಸುವಾಗ, ಮೀಯಿಸುವಾಗ ಮಾತಾಡಿ, ಮಗುವಿನ ತೊದಲಿಗೆ ಉತ್ತರ ಕೊಡಿ. ತಂದೆಗೂ ಈ ಕೆಲಸದಿಂದ ವಿನಾಯಿತಿಯಿಲ್ಲ.

ಆದರೆ ಹೆಸರು ಕರೆದರೂ ತಿರುಗದ, ಒಂದೂವರೆ ವರ್ಷವಾದರೂ ಒಂದು ಪದವನ್ನೂ ಆಡದ ಮಗುವಿದ್ದರೆ, ಇವನ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು ಎಂದು ಕಾಯುತ್ತಾ ಕೂರಬೇಡಿ. ಮೊದಲು ಕಿವಿಯನ್ನು ಪರೀಕ್ಷಿಸಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸುಗಳ ಶ್ರವಣವನ್ನೂ ಪರೀಕ್ಷಿಸುತ್ತಾರೆ.